ಇಳಿಜಾರಿನಲ್ಲಿ ಮಾತ್ರ ಸೋಲುವ ಬ್ರೇಕು

ಗೋಪುರದ ಜೀಪಿನ ಡ್ರೈವರ್ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಬೆಟ್ಟದ ತುದಿಯಲ್ಲಿ ಟಿವಿ ಪ್ರಸಾರದ ಗೋಪುರ, ಅದರ ಬುಡದಲ್ಲಿ ಯಂತ್ರಗಳ ಕೋಣೆ, ಪಕ್ಕದಲ್ಲೊಂದು ಅಡುಗೆಮನೆ. ಕೆಲಸದವರನ್ನು ಬೆಳಿಗ್ಗೆ ಮೇಲಕ್ಕೆ ಒಯ್ಯುವುದು, ಸಂಜೆ ಕೆಳಕ್ಕೆ ತರುವುದು ಅವನ ಪಾಲಿನ ಕೆಲಸ. ಮದುವೆಯಾದ ವರ್ಷ ಸೇರಿದವನು, ಈಗ ಮಗಳ ಮದುವೆಯೂ ಮುಗಿದಿತ್ತು. ಜೀಪು ಅವನಿಗಿಂತ ಮುಂಚೆಯೇ ಅಲ್ಲಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಬೇರೆ ಯಾವುದೂ ಆ ದಾರಿ ಹತ್ತುತ್ತಿರಲಿಲ್ಲ. ಬೆನ್ನುನೋವು ಇಲ್ಲದವರಿಗೆ ಬರಿಸುತ್ತದೆ, ಇದ್ದವರಿಗೆ ಸೊಂಟ ನೋಯಿಸಿ ಬೆನ್ನು ಮರೆಸುತ್ತದೆ ಎಂದು ಹಿಂದೆ ಕೂತವರು ನಗುತ್ತಿದ್ದರು.

ಒಂದು ಸಂಜೆ ಇಳಿಯುವಾಗ ಮೂರನೆಯ ತಿರುವಿನ ಹತ್ತಿರ ಬ್ರೇಕ್ ಪೆಡಲ್ ಮೆತ್ತಗಾಯಿತು. ಮತ್ತೆ ತುಳಿದ, ಅದು ನೆಲಕ್ಕೇ ಹತ್ತಿತು. ಹ್ಯಾಂಡ್ ಬ್ರೇಕ್ ಎಳೆದರೆ ಕಿರುಗುಟ್ಟಿತೇ ಹೊರತು ಹಿಡಿಯಲಿಲ್ಲ. "ಗಟ್ಟಿ ಹಿಡ್ಕೊಳ್ಳಿ" ಎಂದಷ್ಟೇ ಹೇಳಿ, ಗೇರ್ ಇಳಿಸಿ, ಗಾಡಿಯನ್ನು ಕಣಿವೆಯ ಕಡೆ ಬಿಡದೆ ಗುಡ್ಡದ ಮಣ್ಣಿಗೆ ಒರಗಿಸಿದ. ಪ್ರಾಣಕ್ಕೇನೂ ಆಗಲಿಲ್ಲ. ಅಡುಗೆಯಾಕೆಯ ಕೈ ಮುರಿಯಿತು. ಎಲ್ಲರೂ ಇಳಿದು ಅಳುತ್ತಲೋ ಬೈಯುತ್ತಲೋ ಇರುವಾಗ ಅವನು ರಸ್ತೆ ಬದಿಯಲ್ಲಿ ನಿಂತು ತನ್ನ ಶರ್ಟಿನ ಮೇಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ. ಹೆದರಿಕೆ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದ. ಬರಲೇ ಇಲ್ಲ.

ಗಾಡಿ ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಅವನ ಹಳೇ ಸ್ನೇಹಿತ. ಗಿಡ್ಡಗೆ, ದುಂಡಗೆ ಇದ್ದುದರಿಂದ ಎಲ್ಲರೂ ಅವನನ್ನು ಬೋಲ್ಟು ಎನ್ನುತ್ತಿದ್ದರು. ಬ್ರೇಕ್ ಆಯಿಲ್ ತುಂಬಾ ಇತ್ತು, ಎಲ್ಲೂ ಸೋರಿಕೆ ಇಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಗ್ಗಿದ ಬಂಪರ್ ನೆಟ್ಟಗೆ ಮಾಡಿ ಮುಖ್ಯರಸ್ತೆಯಲ್ಲಿ ಓಡಿಸಿದರೆ ತುಳಿದ ಜಾಗದಲ್ಲೇ ನಿಂತಿತು. ಹ್ಯಾಂಡ್ ಬ್ರೇಕ್ ಸ್ವಲ್ಪ ಸಡಿಲ, ಬೇರೆ ದೋಷ ಇಲ್ಲವೆಂದು ಗೋಪುರದ ಆಫೀಸಿಗೆ ತಿಳಿಸಿದ. ದೋಷ ಗಾಡಿಯದಲ್ಲವೆಂದರೆ ಡ್ರೈವರನದೇ. ಸ್ಟಿಯರಿಂಗ್ ಹಿಡಿದು ತೂಕಡಿಸಿದ್ದಾನೆ ಎಂಬ ಮಾತು ಹುಟ್ಟಿತು. ವಿಷಯ ಇತ್ಯರ್ಥವಾಗುವ ತನಕ ಮನೆಯಲ್ಲಿರು ಎಂದರು.

ಅವನು ಇದ್ದ. ಹೊಲಿಗೆ ಮಾಡುವ ಹೆಂಡತಿ ಕಿಟಕಿಯ ಬಳಿ ಮೆಷಿನ್ ತುಳಿಯುತ್ತಿದ್ದಳು, ಇವನು ಎದುರಿನ ಮಂಚದಲ್ಲಿ ಗೋಡೆಗೊರಗಿ ಕೂತಿರುತ್ತಿದ್ದ. ಕರೆದರೆ ಬಂದು ಉಣ್ಣುತ್ತಿದ್ದ, ಕರೆಯದಿದ್ದರೆ ಇಲ್ಲ. ಮಗಳು ಫೋನಿನಲ್ಲಿ ಅತ್ತಳು. "ಸರಿಯಮ್ಮ, ಇಡ್ತೀನಿ" ಎಂದ.

"ನೀವು ಮಲಗಿದ್ರಾ?" ಹೆಂಡತಿ ನೇರವಾಗಿ ಕೇಳಿದಳು.

"ಇಲ್ಲ."

"ಹೋಗಿ ಹೇಳಿ ಮತ್ತೆ."

"ಹೇಳಿದ್ದಾಯ್ತಲ್ಲ."

ಇವನಿಂದ ಕೆಲಸ ಆಗುವುದಿಲ್ಲವೆಂದು ಅವಳೇ ಹೋದಳು. ಮೊದಲು ಅಡುಗೆಯಾಕೆಯ ಮನೆಗೆ, ಅಲ್ಲಿಂದ ಆಕೆಯನ್ನೂ ಕರೆದುಕೊಂಡು ಗ್ಯಾರೇಜಿಗೆ. ಅಡುಗೆಯಾಕೆ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬೋಲ್ಟಿಗೆ ಹೇಳಿದಳು: "ನಾನು ಮುಂದಿನ ಸೀಟಲ್ಲೇ ಇದ್ದೆನಪ್ಪ. ಅವನು ತುಳೀತಾನೇ ಇದ್ದ. ಮಲಗಿರೋನು ಹಾಗೆ ತುಳಿಯಲ್ಲ. ನೀನು ಸಪಾಟು ರಸ್ತೇಲಿ ಓಡಿಸಿ ನೋಡಿದ್ರೆ ಬೆಟ್ಟದ ಸಂಗತಿ ಹೇಗೆ ತಿಳಿಯುತ್ತೆ?"

ಬೋಲ್ಟು ತಲೆ ಕೆರೆದುಕೊಂಡ. ಮರುದಿನ ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪನ್ನು ಬೆಟ್ಟಕ್ಕೆ ಹತ್ತಿಸಿದ. ಇಳಿಯುವಾಗ ಗಾಡಿ ಕೈಮೀರದಿರಲೆಂದು ನಾಲ್ಕು ಚಕ್ರದ ಗೇರನ್ನು ತೀರಾ ನಿಧಾನದ್ದಕ್ಕೆ ಹಾಕಿ, ಬೇಕೆಂದೇ ಮತ್ತೆ ಮತ್ತೆ ಬ್ರೇಕ್ ತುಳಿದ. ಮೊದಲ ತಿರುವು ದಾಟಿದ ಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು. ಎರಡನೆಯದರಲ್ಲಿ ಸುಟ್ಟ ವಾಸನೆ. ಪೆಡಲ್ ಇನ್ನೂ ಹಿಡಿಯುತ್ತಿದ್ದರೂ ಮೆತ್ತಗಾಗಿತ್ತು. ರಸ್ತೆ ಅಗಲವಾಗಿದ್ದ ಕಡೆ ಗುಡ್ಡಕ್ಕೆ ಒತ್ತಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು.

"ಯಾವ್ದು ಬಿಸಿ ನೋಡು" ಎಂದು ಬೋಲ್ಟು ಹಿಂದಿನ ಚಕ್ರಗಳ ಕಡೆ ಹೋದ. ಅವು ಬೆಚ್ಚಗಿದ್ದವು, ಅಷ್ಟೆ. ತಿರುಗಿ ಬಂದರೆ ಡ್ರೈವರ್ ಮುಂದಿನ ಎಡ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು ಚಕ್ರದೊಳಗಿನ ಕಬ್ಬಿಣದ ಬ್ರೇಕ್ ಡ್ರಮ್ಮಿನ ಮೇಲೆ ಬೆರಳಿಟ್ಟಿದ್ದ. ತೆಗೆದಿರಲಿಲ್ಲ.

ಬೋಲ್ಟು ಅವನ ಮೊಣಕೈ ಹಿಡಿದು ಎಳೆದ. "ಸುಡ್ತಿಲ್ವೇನೋ ನಿಂಗೆ?"

"ಇದೇ ಬಿಸಿ" ಎಂದ ಡ್ರೈವರ್. ಬೆರಳ ತುದಿ ಬೆಳ್ಳಗಾಗಿತ್ತು. ಬೋಲ್ಟು ಬೈಯಲು ಬಾಯಿ ತೆರೆದವನು ಅವನ ಮುಖ ನೋಡಿ ನೀರಿನ ಬಾಟಲಿಗೆ ಕೈ ಹಾಕಿದ. ಕುಡಿಯಲು ತಂದಿದ್ದ ನೀರನ್ನೆಲ್ಲ ಆ ಕೈಗೆ ಸುರಿದ.

ಜಾಕ್ ಕೊಟ್ಟು ಎತ್ತಿದರೆ ಆ ಚಕ್ರ ತಿರುಗಲೊಲ್ಲದು. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪಿನ ಮೇಲ್ತುದಿಯನ್ನು ಸಡಿಲಿಸಿದರು, ಚಕ್ರ ಬಿಡಲಿಲ್ಲ. ಚಕ್ರದ ಬಳಿಯ ಚಿಕ್ಕ ಸ್ಕ್ರೂ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಅಂದರೆ ಒತ್ತಡ ಪೈಪಿನೊಳಗೇ ಸಿಕ್ಕಿಬಿದ್ದಿತ್ತು. ಹೊಸ ಪೈಪು ತಂದು ಹಾಕಿ, ಹಳೆಯದನ್ನು ಬ್ಲೇಡಿನಿಂದ ಸೀಳಿ ನೋಡಿದಾಗ ಹೊರಗೆ ಚೆನ್ನಾಗಿದ್ದ ರಬ್ಬರ್ ಒಳಗೆ ಊದಿಕೊಂಡಿತ್ತು. ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸಾಗುವುದಿಲ್ಲ. ಬ್ರೇಕು ಚಕ್ರವನ್ನು ಉಜ್ಜುತ್ತಲೇ ಇರುತ್ತದೆ. ಆಯಿಲ್ ಬೇರೆ ಎಷ್ಟೋ ಕಾಲದ್ದು, ತೇವ ಹೀರಿ ಕಂದು ಬಣ್ಣಕ್ಕೆ ತಿರುಗಿತ್ತು. ಆ ಬಿಸಿಗೆ ಕುದಿದು ಗುಳ್ಳೆಯೆದ್ದರೆ ಪೆಡಲ್ ಗಾಳಿಯನ್ನು ತುಳಿದ ಹಾಗೆ. ತಣ್ಣಗಾದ ಮೇಲೆ ಮತ್ತೆ ಎಲ್ಲ ಸರಿ.

"ಮೊದ್ಲೇ ಬೆಟ್ಟಕ್ಕೆ ತರ್ಬೇಕಿತ್ತು ಕಣೋ" ಎಂದ ಬೋಲ್ಟು.

"ಈಗ ತಂದ್ಯಲ್ಲ."

ಪೈಪುಗಳನ್ನೆಲ್ಲ ಬದಲಿಸಿ, ಹಳೆಯ ಆಯಿಲ್ ಪೂರ್ತಿ ತೆಗೆದು, ಹ್ಯಾಂಡ್ ಬ್ರೇಕನ್ನೂ ಬಿಗಿ ಮಾಡಿದರು. ಆಫೀಸಿನವರು ಕರೆದು ಕೆಲಸಕ್ಕೆ ಬಾ ಎಂದರು. ಮೊದಲ ದಿನ ಕೆಳಗಿಳಿದಾಗ ಹಿಂದಿನವರು ಚಪ್ಪಾಳೆ ತಟ್ಟಿದರು, ಅಡುಗೆಯಾಕೆ ಅವನ ಬೆನ್ನು ಸವರಿದಳು. ಅವನು ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದ.

"ಹೇಗಿತ್ತು?" ಎಂದಳು ಹೆಂಡತಿ.

"ಹಿಡೀತು."

ಹಾಗೇ ತಿಂಗಳುಗಳು ಕಳೆದವು. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಗೋಡೆಗೊರಗುತ್ತಿದ್ದ. ಏನಾಗಿದೆ ನಿಮಗೆ ಎಂದು ಅವಳೂ ಕೇಳುವುದನ್ನು ಬಿಟ್ಟಿದ್ದಳು. ಒಂದು ಭಾನುವಾರ ಪಕ್ಕದ ಮನೆಯವನು ಎಂದಿನಂತೆ ಸ್ಕೂಟರನ್ನು ಇವರ ಬಾಗಿಲಿಗೆ ಅಡ್ಡ ನಿಲ್ಲಿಸಿದ. ಹೊರಗೆ ಗಂಡನ ದನಿ ಏರಿದ್ದು ಕೇಳಿ ಮೆಷಿನ್ ತುಳಿಯುತ್ತಿದ್ದ ಹೆಂಡತಿಯ ಕಾಲು ನಿಂತಿತು.

"ಮನುಷ್ಯರು ಓಡಾಡೋ ಜಾಗ ಅಲ್ವೇನ್ರೀ ಇದು? ವರ್ಷದಿಂದ ನೋಡ್ತಾ ಇದೀನಿ, ನಿಮ್ಮಪ್ಪನ ಮನೆ ಅಂಗಳ ಅಂದ್ಕೊಂಡ್ರಾ?"

ಬೇರೆ ಕಾಲದಲ್ಲಾಗಿದ್ದರೆ ಅವಳು ಸೆರಗಿಗೆ ಕೈ ಒರೆಸುತ್ತ ಹೋಗಿ, ಹೋಗಲಿ ಬನ್ನಿ ಎಂದು ಒಳಗೆ ಕರೆಯುತ್ತಿದ್ದಳು. ಅವತ್ತು ಕರೆಯಲಿಲ್ಲ. ಇಷ್ಟು ತಿಂಗಳ ಮೇಲೆ ಇವರಿಗೆ ಸಿಟ್ಟಾದರೂ ಬಂತಲ್ಲ, ಇನ್ನಷ್ಟು ಬೈಯಲಿ ಎಂದು ಕೂತೇ ಇದ್ದಳು, ಸೂಜಿಗೆ ದಾರ ಪೋಣಿಸುತ್ತ.