ಶನಿವಾರ ಹಾರಿದ ಬೆಳವ

ಬೆಳವದಷ್ಟು ಸೋಮಾರಿ ಹಕ್ಕಿಯನ್ನು ನಾನು ಕಂಡಿಲ್ಲ. ಪಾರಿವಾಳದ ಈ ಚಿಕ್ಕ ತಂಗಿ ನಾಲ್ಕು ಕಡ್ಡಿಗಳನ್ನು ಅಡ್ಡಾದಿಡ್ಡಿ ಎಸೆದು, ಅದನ್ನೇ ಗೂಡೆಂದು ನಂಬಿ, ಮೊಟ್ಟೆ ಇಟ್ಟುಬಿಡುತ್ತದೆ. ಕೆಳಗೆ ನಿಂತು ನೋಡಿದರೆ ಸಂದಿಯಲ್ಲಿ ಮೊಟ್ಟೆ ಕಾಣುತ್ತದೆ! ಇಂಥ ಹಕ್ಕಿಯನ್ನು ವರ್ಷಗಟ್ಟಲೆ ಬೈದವಳು ನಾನು. ಈಗ ಅದರ ಮರಿಗಳು ಹಾರುವುದನ್ನು ನೋಡಲಾಗಲಿಲ್ಲವೆಂದು ಕೊರಗುತ್ತ ಕೂತಿದ್ದೇನೆ.

ನಾವು ಹುಬ್ಬಳ್ಳಿಯ ಯಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು. ಓಣಿಗೆ ಹೊಸಬರು ಬಂದಾಗಲೆಲ್ಲ "ನೀವು ಯಾವ ಪೈಕಿ ರೀ?" ಎಂಬ ಪ್ರಶ್ನೆ. ಯಹೂದಿಗಳು ಎಂದರೆ, "ಹಂಗಂದ್ರ?" ಅವ್ವ ವಿವರಿಸಿ ವಿವರಿಸಿ ಸಾಕಾಗಿ, "ಶನಿವಾರ ಒಲಿ ಹಚ್ಚದವ್ರು ನೋಡ್ರಿ" ಎಂದು ಮುಗಿಸಿಬಿಡುತ್ತಿದ್ದಳು. ದುಬೈಗೆ ಬಂದು ಮಿರ್ದಿಫ್‌ನ ವಿಲ್ಲಾದಲ್ಲಿ ಸಂಸಾರ ಹೂಡಿದ ಮೇಲೂ ನಮ್ಮ ಗುರುತು ಅಷ್ಟೇ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ತೆಂಗಿನಹಾಲಿನ ಮಟನ್ ಸಾರು ಇಳಿಯಬೇಕು (ಮಾಂಸದೊಡನೆ ಹಾಲು ಮೊಸರು ನಮಗೆ ಕೂಡದು, ತೆಂಗಿನಕಾಯಿಯ ಹಾಲಿಗೆ ಅಡ್ಡಿಯಿಲ್ಲ), ದೀಪ ಹಚ್ಚಬೇಕು, ಫೋನು ಆಫ್ ಆಗಬೇಕು. ಶನಿವಾರ ಸಂಜೆ ನಕ್ಷತ್ರ ಮೂಡುವವರೆಗೆ ಒಲೆಯಿಲ್ಲ, ಫೋನಿಲ್ಲ, ಕಾರಿಲ್ಲ.

ಹಾಗಾದರೆ ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಬೇಡಿ. ಫ್ಲಾಸ್ಕಿನ ಚಹಾ ಹಿಡಿದು ಹಿತ್ತಿಲಲ್ಲಿ ಕೂರುತ್ತಿದ್ದೆ. ನಸುಕಿನಲ್ಲೇ ಗೌಜುಗ ಹಕ್ಕಿಗಳು ನಲ್ಲಿಯ ಹತ್ತಿರ ಜಗಳಕ್ಕೆ ಬಿದ್ದವರಂತೆ ಕೂಗುತ್ತಿದ್ದವು. ಚಂದ್ರಮುಕುಟ ಹಕ್ಕಿ ತಲೆಯ ಬೀಸಣಿಗೆ ಬಿಚ್ಚಿ ಮಡಚಿ ಹುಲ್ಲು ಕುಕ್ಕುತ್ತಿತ್ತು. ಬೆಳವ ನನ್ನ ಒಗೆದ ಬಟ್ಟೆಯ ಮೇಲೆಯೇ ಹಿಕ್ಕೆ ಹಾಕಿ ಬೈಸಿಕೊಳ್ಳುತ್ತಿತ್ತು. ಅದೆಲ್ಲ ಸುಖವೆಂದು ಆಗ ಹೊಳೆಯಲಿಲ್ಲ. ಹಿತ್ತಿಲು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆ.

ಹಿತ್ತಿಲು ಎಲ್ಲಿಗೂ ಹೋಗಲಿಲ್ಲ, ಹೋಗಬೇಕಾದವರು ನಾವು. ತನ್ನ ಮಗನಿಗೆ ಮದುವೆ, ವಿಲ್ಲಾ ಬೇಕು ಎಂದು ಓನರ್ ಮರ್ಯಾದೆಯಿಂದಲೇ ಹೇಳಿದ. ಅದೇ ಹೊತ್ತಿಗೆ ನಮ್ಮ ಗುಡಿಸಲ ಹಬ್ಬ ಬಂತು. ಹಿರಿಯರು ಮರುಭೂಮಿಯಲ್ಲಿ ಅಲೆದ ನೆನಪಿಗೆ ಹಿತ್ತಿಲಲ್ಲಿ ಗುಡಿಸಲು ಕಟ್ಟಿ ವಾರವಿಡೀ ಅದರಲ್ಲೇ ಉಣ್ಣುವ ಹಬ್ಬ. ಮರುಭೂಮಿಯಲ್ಲೇ ಎಸಿ ಹಾಕಿಕೊಂಡು ಬದುಕುವವರು ಮರುಭೂಮಿಯನ್ನು ನೆನೆಯಲು ಬೆವರುತ್ತ ಹೊರಗೆ ಕೂರುವುದು ತಮಾಷೆಯೇ. ಸೂರಿಗೆ ಕಡಿದ ಸೊಪ್ಪುಗರಿ ಮಾತ್ರ ಹೊದಿಸಬೇಕು, ಅದರ ಮೇಲೆ ಬರೀ ಆಕಾಶವಿರಬೇಕು. ನನ್ನ ಗಂಡ ಸಾಲೋಮನ್ ಖರ್ಜೂರದ ಗರಿ ಹೊದಿಸಿದರು. ಹಬ್ಬ ಮುಗಿಯುವಷ್ಟರಲ್ಲಿ ಬೆಳವ ಆ ಗರಿಗಳ ನಡುವೆ ತನ್ನ ನಾಲ್ಕು ಕಡ್ಡಿ ಇಟ್ಟು, ಮೊಟ್ಟೆಯನ್ನೂ ಇಟ್ಟಿತ್ತು.

"ಮಮ್ಮಿ, ಇಟ್ಸ್ ಜಸ್ಟ್ ಎ ಡವ್," ಎಂದಳು ಮಗಳು. ತಾಯಿಹಕ್ಕಿಯ ಕಣ್ಣೆದುರು ಗೂಡಿಗೆ ಕೈಹಾಕಬಾರದೆಂದು ನಮ್ಮ ಶಾಸ್ತ್ರದಲ್ಲೇ ಇದೆ. ಗುಡಿಸಲು ಬಿಚ್ಚುವುದು ಹೇಗೆ? ನಾವು ಮನೆ ಖಾಲಿ ಮಾಡಿ ಊದ್ ಮೇಥಾದ ಫ್ಲ್ಯಾಟಿಗೆ ಬಂದಾಗ ಮರಿಗಳು ಕಣ್ಣು ಬಿಟ್ಟಿದ್ದವಷ್ಟೆ. ವಿಲ್ಲಾ ನೋಡಿಕೊಳ್ಳುವ ಹಮೀದಣ್ಣ ಉಪ್ಪಿನಂಗಡಿ ಕಡೆಯ ಬ್ಯಾರಿ. ಗುಡಿಸಲು ಬಿಚ್ಚಲು ಬಂದ ಅವರು ಗೂಡು ನೋಡಿ ಕೈ ಹಿಂದೆ ತೆಗೆದರು.

"ಪೇಂಟಿನವ್ರು ಮೊದ್ಲು ಒಳಗೆ ಮಾಡ್ಲಿ ಅಕ್ಕ. ಹಿತ್ತಿಲು ಆಮೇಲೆ ನೋಡುವ. ಓನರಿಗೆ ನಾನು ಹೇಳ್ತೇನೆ."

ಒಂದು ಗುರುವಾರ ಆಫೀಸು ಮುಗಿಸಿ ಹೋಗಿ ನೋಡಿದೆ. ಮರಿಗಳೆರಡೂ ಗರಿಯ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿದ್ದವು.

"ಇನ್ನೇನು ಹಾರ್ತದೆ. ಹಾರುವಾಗ ಫೋನ್ ಮಾಡ್ತೇನೆ, ಯಲ್ಲಾ ಯಲ್ಲಾ ಅಂತ ಬೇಗ ಓಡಿ ಬಂದ್ಬಿಡಿ," ಎಂದರು ಹಮೀದಣ್ಣ.

"ಮರೀಬ್ಯಾಡ್ರಿ ಮತ್ತ," ಎಂದು ಬಂದೆ.

ಹುಟ್ಟಿದಾಗಿನಿಂದ ಕಂಡಕಂಡವರಿಗೆಲ್ಲ ಶನಿವಾರದ ಪುರಾಣ ಹೇಳಿದವಳು, ಹೇಳಲೇಬೇಕಾಗಿದ್ದ ಒಬ್ಬರಿಗೆ ಹೇಳುವುದನ್ನೇ ಮರೆತೆ. ಪಾಪ, ಅವರಿಗೇನು ಗೊತ್ತು? ಶನಿವಾರ ರಜೆ, ಅಕ್ಕ ಬಿಡುವಾಗಿರುತ್ತಾರೆ ಅಂದುಕೊಂಡು ಬೆಳಗ್ಗೆಯಿಂದ ಫೋನು ಮಾಡಿದ್ದಾರೆ. ಸಂಜೆ ನಕ್ಷತ್ರ ನೋಡಿ ಫೋನು ಆನ್ ಮಾಡಿದರೆ, ಅಯ್ಯೋ ದೇವರೇ, ಮಿಸ್ಡ್ ಕಾಲುಗಳ ಸಾಲು, ಕೊನೆಗೊಂದು ವಿಡಿಯೋ. ವಿಡಿಯೋದ ಮುಕ್ಕಾಲು ಭಾಗ ಹಮೀದಣ್ಣನ ಹೆಬ್ಬೆರಳು. ಹೆಬ್ಬೆರಳು ಸರಿದಾಗ ಖಾಲಿ ಗರಿ. ದನಿ ಮಾತ್ರ ಸ್ಪಷ್ಟ: "ಹೋಯ್ತು ಅಕ್ಕ! ಓ ಹೋಯ್ತು! ಎರಡೂ ಹೋಯ್ತು!"

"ಫೋನ್ ಆನ್ ಇದ್ದಿದ್ರೂ ನೀ ಕಾರ್ ಹತ್ತತಿದ್ದಿಲ್ಲಲ್ಲ, ಯಾಕ ಅಳ್ತಿ?" ಎಂದರು ಸಾಲೋಮನ್. ಸರಿಯಾದ ಮಾತೇ. ಸರಿಯಾದ ಮಾತಿನಿಂದ ಅಳು ನಿಂತದ್ದನ್ನು ನಾನಂತೂ ಕಂಡಿಲ್ಲ. ಶನಿವಾರವನ್ನು ನಾನು ಬಿಡುವವಳಲ್ಲ; ಆ ಮರಿಗಳು ಹಾರಿದ್ದನ್ನು ನೋಡಲಿಲ್ಲವೆಂಬ ಸಂಕಟವೂ ನನ್ನನ್ನು ಬಿಡುತ್ತಿಲ್ಲ.

ಹೊಸ ಫ್ಲ್ಯಾಟಿಗೆ ಬಾಲ್ಕನಿಯಿದೆ. ಅದರ ನೆತ್ತಿಯ ಮೇಲೆ ಇನ್ನೊಬ್ಬರ ಬಾಲ್ಕನಿಯಿದೆ. ಆಕಾಶವಿಲ್ಲದ ಕಡೆ ನಮ್ಮ ಗುಡಿಸಲು ಸಲ್ಲದು. ಮುಂದಿನ ಹಬ್ಬಕ್ಕೆ ಏನು ಮಾಡುವುದೋ ತಿಳಿಯದು. ಬೆಳವಕ್ಕೆ ಆ ಶಾಸ್ತ್ರವಿಲ್ಲ. ನಿನ್ನೆ ಒಂದು ಬಂದು ಎಸಿಯ ಡಬ್ಬದ ಹಿಂದೆ ಎರಡು ಕಡ್ಡಿ ಇಟ್ಟು, ಒಂಟಿಗಣ್ಣಿನಿಂದ ನನ್ನನ್ನು ಅಳೆದು ನೋಡಿತು. ಈ ಸಲ ಬೈಯಲಿಲ್ಲ. ಬಟ್ಟೆಯ ಸ್ಟ್ಯಾಂಡನ್ನು ಸದ್ದಿಲ್ಲದೆ ಒಳಗೆ ಎಳೆದುಕೊಂಡು ಮೆಲ್ಲಗೆ ಹೇಳಿದೆ:

"ನಿನ್ನ ಮರಿ ಶನಿವಾರನ ಹಾರಲಿ, ತಾಯಿ. ಅವತ್ತ ನಾ ಎಲ್ಲಿಗೂ ಹೋಗೂದಿಲ್ಲ, ಫೋನೂ ಮುಟ್ಟೂದಿಲ್ಲ. ನಿನ್ನನ್ನ ನೋಡಕೋತ ಕೂತಿರತೀನಿ."