ಡ್ಯಾಕ್‌ನಲ್ಲಿ ಕೇಳಿದ ಮದ್ದಳೆ

ಜಯಪುರದ ನನ್ನ ಮೊಬೈಲ್ ಅಂಗಡಿಯಲ್ಲಿ ಮದ್ದಳೆ ಬಾರಿಸುವ ಗಣಪಣ್ಣ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಅವರ ಫೋನಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಡ್ಯಾಕ್ ಎಂಬ ಸಾಧನ ಸಿಕ್ಕಿಸಿ, ಹೆಡ್‌ಫೋನನ್ನು ಅದಕ್ಕೆ ಜೋಡಿಸಿಕೊಟ್ಟಿದ್ದೆ. ಫೋನಿನಲ್ಲಿ ಕಲಸಿಹೋಗಿ ಕೇಳುವ ದನಿಗಳನ್ನು ಅದು ಬಿಡಿಬಿಡಿಯಾಗಿ ಕೇಳಿಸುತ್ತದೆ. ಓಡುತ್ತಿದ್ದದ್ದು ಕಳೆದ ತಿಂಗಳ ತಾಳಮದ್ದಳೆಯ ರೆಕಾರ್ಡಿಂಗ್. ಅಂದು ಶ್ರುತಿ ತಪ್ಪಿದ್ದು ಯಾರೆಂಬ ಜಗಳದಲ್ಲಿ ಅವರಿಗೂ ಹಾಡಿದ ಭಾಗವತ ಸುಬ್ರಾಯರಿಗೂ ಮಾತು ನಿಂತಿತ್ತು.

ಗಾಜಿನ ಕೌಂಟರ್ ಮೇಲೆ ತಾಳ ಹಾಕುತ್ತಿದ್ದ ಗಣಪಣ್ಣನ ಬೆರಳುಗಳು ತಟ್ಟನೆ ನಿಂತವು. ಹೆಡ್‌ಫೋನ್ ತೆಗೆಯದೆಯೇ ನನ್ನತ್ತ ಬಾಗಿ, ಅಂಗೈ ಮರೆ ಮಾಡಿ, ಪಿಸುಗುಟ್ಟುತ್ತಿದ್ದೇನೆಂದು ತಿಳಿದು ಇಡೀ ಪೇಟೆಗೆ ಕೇಳುವಂತೆ ಹೇಳಿದರು: "ಶ್ರುತಿ ಬಿಟ್ಟದ್ದು ಸುಬ್ರಾಯ ಅಲ್ಲ ಮಾರಾಯ್ತಿ, ನನ್ನ ಮದ್ದಳೆ. ಅವನ ಹತ್ರ ಮಾತ್ರ ಹೇಳ್ಬೇಡ."

ಪಕ್ಕದ ಹೋಟೆಲಿನಲ್ಲಿದ್ದ ಸುಬ್ರಾಯರು ಕಾಫಿ ಲೋಟ ಹಿಡಿದೇ ಒಳಗೆ ಬಂದರು. ನಗು ತಡೆಯಲಾರದೆ ನಾನು ಕೌಂಟರ್ ಕೆಳಗೆ ಬಗ್ಗಿದೆ. ಮತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದ ಗಣಪಣ್ಣನ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಸುಬ್ರಾಯರು ಮೆಲ್ಲಗೆ ಹೇಳಿದರು: "ನಂಗೆಂತದೂ ಕೇಳ್ಲಿಲ್ಲ ಮಾರಾಯ." ಗಣಪಣ್ಣ ಬೆಚ್ಚಿ ಕಣ್ಣು ಬಿಟ್ಟರು. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮಾರಲೆಂದು ತರಿಸಿದ್ದ ಆ ಡ್ಯಾಕನ್ನು ಈಗ ಯಾರು ಕೇಳಿದರೂ ಕೊಡುವುದಿಲ್ಲ. ಇಬ್ಬರೂ ಬಂದು ಒಂದೇ ಹೆಡ್‌ಫೋನಿಗೆ ಆಚೆಯೊಬ್ಬರು ಈಚೆಯೊಬ್ಬರು ಕಿವಿ ಹಚ್ಚಿ ಕೂರುತ್ತಾರೆ. ಗುಟ್ಟು ಹೇಳುವುದಿದ್ದರೆ ಮಾತ್ರ ಗಣಪಣ್ಣ ಮೊದಲು ಅದನ್ನು ತೆಗೆದು ದೂರ ಇಡುತ್ತಾರೆ.