ಮಹಾನಂದಾ ಹಾಕಿದ ನೀರಿನ ವಿಡಿಯೋ

ಹೆಬ್ಬಗೋಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ಹೊಟ್ಟೆ ತುಂಬಿಸುವುದು ಅರ್ಜಿಗಳು. ರೇಷನ್ ಕಾರ್ಡು ಬೇಕಾದವರು, ಪಿಎಫ್ ಸಿಗದವರು, ಪಕ್ಕದ ಮನೆಯ ನಾಯಿಯ ಮೇಲೆ ಸಿಟ್ಟಾದವರು ಎಲ್ಲರೂ ಬಂದು ಎದುರು ಕೂತು ಗೋಳು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಯಾವ ಅರ್ಜಿಯನ್ನೂ ಮೊದಲಿಂದ ಬರೆಯುವುದಿಲ್ಲ. ಹಳೆಯದೊಂದನ್ನು ತೆಗೆದು ಹೆಸರು, ವಿಳಾಸ, ತಾರೀಕು ಬದಲಿಸುತ್ತೇನೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಇದನ್ನೇ, ಇಲ್ಲ ಅಂದವನು ಸುಳ್ಳ.

ಮಹಾನಂದಾ ಮೊದಲು ಬಂದದ್ದು ಎರಡು ವರ್ಷದ ಹಿಂದೆ. ಸಿಂದಗಿ ಕಡೆಯವಳು. ಬಲ್ಬ್ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ. ಒಂದೊಂದು ಬಲ್ಬನ್ನೂ ಹಚ್ಚಿ, ನೋಡಿ, ಮುಂದಕ್ಕೆ ಬಿಡಬೇಕು. ಗಂಡ ಪರಮಾನಂದ ಸೆಂಟ್ರಿಂಗ್ ಕೆಲಸದವನು. ಆಗ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ವಿಡಿಯೋ ಒಂದು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಪರಮಾನಂದ ಗೊತ್ತಿಲ್ಲದ ಏರಿಯಾದಲ್ಲಿ ಬಸ್ಸಿಗೆ ಕಾಯುತ್ತಾ, ಅಳುತ್ತಿದ್ದ ಮಗುವೊಂದಕ್ಕೆ ಬಿಸ್ಕತ್ತು ಕೊಟ್ಟ. ಅಷ್ಟೇ ಅವನು ಮಾಡಿದ್ದು. ಜನ ಮುತ್ತಿಕೊಂಡು ಹೊಡೆದರು. ಬಲಗೈ ಎರಡು ಕಡೆ ಮುರಿಯಿತು.

“ಆ ವಿಡಿಯೋ ಸರ್ಕಾರದವ್ರು ತೆಗೀಬೇಕು. ಹಂಗ ಬರೀರಿ ಅಣ್ಣಾರ” ಅಂದಳು. ಬರೆದೆ. ಅವಳು ಓದಿದಳು, ಮತ್ತೆ ಓದಿದಳು. ಸಾಲದು ಅಂತ ತನ್ನದೇ ಒಂದು ಸಾಲು ಸೇರಿಸಿದಳು. ‘ಈ ವಿಡಿಯೋ ನೋಡಿ ತಾಯಂದಿರು ಮಕ್ಕಳನ್ನು ಬಾಗಿಲಾಚೆಗೂ ಬಿಡುತ್ತಿಲ್ಲ.’ ಎರಡು ವಾರದಲ್ಲಿ ವಿಡಿಯೋ ಮಾಯವಾಯಿತು. ಶೇಂಗಾ ಹೋಳಿಗೆ ತಂದುಕೊಟ್ಟಳು. “ಇಂಟರ್ನೆಟ್ಟಿಗೂ ಒಬ್ಬ ಯಜಮಾನ ಇರ್ಬೇಕು ಕಣಮ್ಮ” ಅಂತ ನಾನು ಹೋಳಿಗೆ ಮುರಿಯುತ್ತಾ ದೊಡ್ಡ ಮಾತಾಡಿದೆ. ಅವಳೂ ಹೌದು ಅಂದಳು.

ಈ ವರ್ಷ ನೀರು ಕೆಟ್ಟಿತು. ಅವಳು ಇರುವುದು ಚಿಕ್ಕಬೈರಪ್ಪನವರ ವಠಾರದಲ್ಲಿ. ನನ್ನ ಅಂಗಡಿಯೂ ಅವರದೇ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಹೊಲದಲ್ಲಿ ರೂಮು ಬೆಳೆಯುತ್ತಾರೆ. ನಲವತ್ತು ರೂಮಿಗೆ ಒಂದು ಬೋರ್‌ವೆಲ್. ಮಾರ್ಚಿನಿಂದ ಅದರ ನೀರು ನೊರೆ ಬರತೊಡಗಿತು, ಮೂಗು ಮುಚ್ಚಿಕೊಳ್ಳುವ ಹಾಗೆ ನಾರತೊಡಗಿತು. ವಠಾರದ ಮಕ್ಕಳ ಮೈಯೆಲ್ಲ ಗುಳ್ಳೆ. ಚಿಕ್ಕಬೈರಪ್ಪನವರನ್ನು ಕೇಳಿದರೆ, “ಬೋರ್ ನೀರು ಇಂಗೇ ಇರ್ತದೆ ಕಣಮ್ಮ, ಕಾಯ್ಸಿ ಕುಡೀರಿ” ಅಂದರು.

ಮಹಾನಂದಾ ನಲ್ಲಿಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿ, ಒಂದು ನಿಮಿಷದ ವಿಡಿಯೋ ಮಾಡಿ ಹಾಕಿದಳು. ಎರಡು ಲಕ್ಷ ಜನ ನೋಡಿದರು. ಆರೋಗ್ಯ ಇಲಾಖೆಯಿಂದ ಫೋನು ಬಂತು, ಸೋಮವಾರ ಬಂದು ನೀರು ಪರೀಕ್ಷೆಗೆ ಒಯ್ಯುತ್ತೇವೆ ಅಂತ. ಶನಿವಾರ ವಿಡಿಯೋ ಇರಲಿಲ್ಲ. ಕಾನೂನಿನ ಕೋರಿಕೆಯ ಮೇರೆಗೆ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಅಂತ ಬಂತು. ಮಸ್ಕತ್ತಿನಲ್ಲಿರುವ ಅವಳ ಅಣ್ಣನಿಗೆ ಚೆನ್ನಾಗಿ ಕಾಣುತ್ತಿತ್ತು. ಹೆಬ್ಬಗೋಡಿಯ ನೀರು ಮಸ್ಕತ್ತಿನವರು ನೋಡಬಹುದು, ಹೆಬ್ಬಗೋಡಿಯವರು ನೋಡುವ ಹಾಗಿಲ್ಲ! ಸೋಮವಾರ ಯಾರೂ ಬರಲಿಲ್ಲ. ಫೋನು ಮಾಡಿದರೆ, “ಅದು ಸುಳ್ಳು ಅಂತ ತೆಗೆಸಿದ್ದಾರಲ್ಲಮ್ಮ, ಇನ್ನೇನು ಬರೋದು” ಅಂದರಂತೆ.

“ಯಾರು ತೆಗಿಸ್ಯಾರ, ತಿಳೀಬೇಕು” ಅಂತ ನನ್ನ ಮುಂದೆ ಬಂದು ಕೂತಳು.

ನನಗೆ ಗೊತ್ತಿತ್ತು. ಹಿಂದಿನ ವಾರ ಚಿಕ್ಕಬೈರಪ್ಪನವರು ಇದೇ ಅಂಗಡಿಗೆ ಬಂದು, ನೀರಿನ ವಿಡಿಯೋ ತೆಗೆಸಬೇಕು ಅಂತ ದೂರು ಬರೆಸಿದ್ದರು. ಬಾಡಿಗೆ ಕೊಡುವವನು ಮಾಲೀಕನಿಗೆ ಆಗಲ್ಲ ಅನ್ನುವುದು ಹೇಗೆ? ಎರಡು ನಿಮಿಷದಲ್ಲಿ ಹಳೆಯದೊಂದು ಅರ್ಜಿ ತೆಗೆದು, ತಿದ್ದಿ, ಪ್ರಿಂಟ್ ಕೊಟ್ಟಿದ್ದೆ. ಆ ಮಾತು ಅವಳಿಗೆ ಹೇಳಲಿಲ್ಲ. “ಬಿಟ್ಟುಬಿಡು ಮಹಾನಂದಾ, ಸರ್ಕಾರದ ವಿಷಯ” ಅಂದೆ. ಹೇಡಿ ಮಾತು.

ಅವಳು ಬಿಡಲಿಲ್ಲ. ರಜೆ ಹಾಕಿ, ಹಿಂದೆ ತಾನು ಅರ್ಜಿ ಕೊಟ್ಟಿದ್ದ ಅದೇ ಸರ್ಕಾರಿ ಕಚೇರಿಗೆ ಹೋದಳು. ದೂರು ಕೊಟ್ಟವರ ಹೆಸರು ಗೌಪ್ಯ ಅಂದರು. ಇನ್ನೊಂದು ರಜೆ ಹಾಕಿ ಹೋದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಮೂರನೆಯ ಸಲ, “ಕಾಗದದ ಮಾತು ನಿಮಗ ತಿಳೀತದ, ಬರ್ರಿ” ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಳು. ನಾನು ಎರಡು ಸಲ ಟೀ ನೆಪದಲ್ಲಿ ಎದ್ದು ಹೋಗಿ ಬಂದೆ. ಕೊನೆಗೆ ಸಾಹೇಬರೇ ಬೇಸತ್ತು ಒಳಗೆ ಕರೆದರು.

“ಹೆಸರು ಹೇಳೋಕಾಗಲ್ಲಮ್ಮ. ಸುಮ್ಮನೆ ತೆಗೆದಿಲ್ಲ ನಾವು, ದೂರಿನಲ್ಲಿ ಕಾರಣ ಇದೆ, ಕೇಳು” ಅಂತ ಫೈಲು ತೆರೆದು ಓದಿದರು. “ಸದರಿ ವಿಡಿಯೋ ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುತ್ತಿದೆ. ಈ ವಿಡಿಯೋ ನೋಡಿ ತಾಯಂದಿರು ಮಕ್ಕಳನ್ನು ಬಾಗಿಲಾಚೆಗೂ ಬಿಡುತ್ತಿಲ್ಲ.”

ಆ ಸಾಲು ಅಳಿಸುವುದನ್ನು ನಾನು ಮರೆತಿದ್ದೆ.

ಮಹಾನಂದಾ ತಿರುಗಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಸಾಹೇಬರ ಕಡೆ ತಿರುಗಿದಳು.

“ಸಾಹೇಬ್ರ, ನಳದ ನೀರು ನೋಡಿ ಯಾವ ತಾಯಿ ಮಕ್ಕಳನ್ನ ಮನಿಯಾಗ ಕೂಡಿಹಾಕ್ತಾಳ್ರಿ? ಆ ಮಾತು ನಂದು. ಎರಡು ವರ್ಷದ ಹಿಂದ ಬ್ಯಾರೆ ವಿಡಿಯೋಕ್ಕ ನಾನ ಬರಸಿದ್ದು. ನೀವು ಇದನ್ನ ಓದೇ ಇಲ್ಲೇನ್ರಿ?”

ಸಾಹೇಬರು ಇನ್ನೊಮ್ಮೆ ಫೈಲು ನೋಡಿದರು. ಮುಖ ಕೆಂಪಾಯಿತು. “ದಿನಕ್ಕೆ ಎಷ್ಟು ಬರ್ತವೆ ಗೊತ್ತೇನಮ್ಮ ನಿಂಗೆ? ಅವತ್ತು ನೀನು ತೆಗೀರಿ ಅಂದೆ, ತೆಗೆದ್ವಿ. ಇವತ್ತು ಅವರು ಅಂದ್ರು, ತೆಗೆದ್ವಿ.”

ಅವಳು ಮೆಲ್ಲಗೆ ಕೇಳಿದಳು. “ಅಂದ್ರ, ಅವತ್ತೂ ನೀವು ನೋಡಿದ್ದಿಲ್ಲೇನ್ರಿ?”

ಸಾಹೇಬರು ಫೈಲು ಮುಚ್ಚಿದರು.

ವಾಪಸು ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. ಯಾರು ಬರೆಸಿದರು, ಯಾರು ಬರೆದರು ಎಲ್ಲ ಹೇಳಿದೆ. ನಾಚಿಕೆಯಿಂದ ಕಿಟಕಿ ಕಡೆ ನೋಡುತ್ತಾ ಹೇಳಿದೆ. ಅವಳು ಕೇಳಿಸಿಕೊಂಡು, “ಅಂಗಡಿ ತೆಗೀರಿ, ಬರಿಯೂದೈತಿ” ಅಂದಳು.

ಅಂಗಡಿಯಲ್ಲಿ ನನ್ನ ಕೈ ಅಭ್ಯಾಸದಂತೆ ಹಳೆಯ ಅರ್ಜಿಗಳ ಕಡೆ ಹೋಯಿತು. “ಅದು ಬ್ಯಾಡ್ರಿ. ಖಾಲಿ ಹಾಳಿ ತೆಗೀರಿ. ನಾ ಹೇಳ್ತೀನಿ, ನೀವು ಹೊಡೀರಿ.”

ಅವಳು ಹೇಳುತ್ತಾ ಹೋದಳು. ಸರ್ಕಾರದವರು ಮೊದಲು ಬಂದು ನಲ್ಲಿ ನೋಡಬೇಕು. ನೋಡಿ ಸುಳ್ಳಾಗಿದ್ದರೆ ತೆಗೆಯಲಿ, ನಿಜವಾಗಿದ್ದರೆ ವಿಡಿಯೋ ವಾಪಸು ಹಾಕಿಸಬೇಕು. ಇನ್ನು ಮುಂದೆ ಯಾರದ್ದೇ ವಿಡಿಯೋ ತೆಗೆಯುವ ಮುಂಚೆ ಹಾಕಿದವರನ್ನು ಕರೆದು ಕೇಳಬೇಕು, ದೂರು ಕೊಟ್ಟವರು ಯಾರು ಅಂತ ತಿಳಿಸಬೇಕು.

ನಾನು ಬೆರಳು ನಿಲ್ಲಿಸಿದೆ. “ಮಕ್ಕಳ ಕಳ್ಳರ ವಿಡಿಯೋ ಹಾಕಿದನಲ್ಲ, ಆ ಬೇವರ್ಸಿನೂ ಕರೆದು ಕೇಳ್ಬೇಕಾ?”

“ಅವನ್ನೂ ಕೇಳ್ಲಿ. ನಾ ನನ್ನ ಗಂಡನ ಕೈ ತೋರಸ್ತೀನಿ. ಅವ ಏನು ತೋರಸ್ತಾನ ತೋರಸ್ಲಿ.”

ಎಷ್ಟೋ ಟಿವಿ ಚರ್ಚೆ ಕೇಳಿದ್ದೇನೆ, ಸರ್ಕಾರ ಇಂಟರ್ನೆಟ್ಟಿಗೆ ಕೈಹಾಕಬೇಕಾ ಬೇಡವಾ ಅಂತ ಕಿತ್ತಾಡುವುದನ್ನು. ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕೇಳಿಲ್ಲ.

“ಮಾಲಕರ ಅರ್ಜಿ ಹೊಡದವರು ಯಾರು ಅಂತಾನೂ ಬರೀರಿ” ಅಂದಳು. ಶಟರ್ ನೋಡಿದೆ, ಜೆರಾಕ್ಸ್ ಮಷೀನ್ ನೋಡಿದೆ. ಅಂಗಡಿ ಹೋದರೆ ಹೋಗಲಿ ಅಂತ ಶಶಿಕುಮಾರ್ ಅಂತ ನನ್ನ ಹೆಸರು ಹೊಡೆದೆ. ಎರಡು ಪ್ರತಿ ಬೇಕು ಅಂದಳು. ಒಂದು ಕಚೇರಿಗೆ. ಇನ್ನೊಂದು?

“ಮಾಲಕರಿಗೆ. ಅವರದೇನೈತಿ ಅಂತ ಕೇಳದ ಹೆಂಗ ಕೊಡೂದ್ರಿ?”

ಚಿಕ್ಕಬೈರಪ್ಪನವರು ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅವಳು ಕಾಗದ ಕೈಗೆ ಕೊಟ್ಟು ನಿಂತಳು. ಓದುತ್ತಿದ್ದಂತೆ ಅವರ ದವಡೆ ನಿಂತಿತು. ನನ್ನನ್ನು ಒಮ್ಮೆ ನೋಡಿದರು. “ಇದೆಲ್ಲ ಯಾಕಮ್ಮ? ಆಮೇಲೆ ರೂಮಿಗೆ ಯಾರು ಬತ್ತಾರೆ?” ಅಂದರು.

“ಮಾಲಕ್ರ, ನೀವು ನನ್ನ ಕೇಳಿದ್ದಿಲ್ಲ. ನಾ ನಿಮ್ಮನ್ನ ಕೇಳಾಕ ಬಂದೀನಿ.” ಅವಳು ಪೆನ್ನು ತೆಗೆದು ಅವರ ಮುಂದೆ ಹಿಡಿದಳು. “ಇದರಾಗ ಯಾವ ಸಾಲು ಸುಳ್ಳೈತಿ, ಗೆರಿ ಎಳೀರಿ. ಇಲ್ಲೇ ತೆಗೀತೀನಿ.”

ಅವರು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿದರು. ಪೆನ್ನು ಮುಟ್ಟಲಿಲ್ಲ.